ಯಾರೂ ಬರೆಯದ ಬಣ್ಣ

ಮಾರ್ಚ್ ೧೪, ಗುರುವಾರ

ಪ್ರೀತಿಯ ತಮ್ಮನಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ತಿಂಗಳು ತಳ್ಳಿದೆ. ಬೈದುಕೋ, ತಪ್ಪು ನನ್ನದೇ. ಅಪ್ಪ ನಿನ್ನ ಮನೆಯಲ್ಲಿ ಮೊಮ್ಮಕ್ಕಳನ್ನು ಮಗ್ಗುಲಲ್ಲೇ ಮಲಗಿಸಿಕೊಳ್ಳುತ್ತಾರೆಂದು ಬರೆದಿದ್ದೀಯ. ಇಲ್ಲಿಯ ಗಲಾಟೆ ಯಾರಿಂದಲೋ ಕೇಳಿ, "ಕ್ಷಮಾಪಣೆ ಬರೆದುಕೊಟ್ಟು ಕೆಲಸ ಉಳಿಸಿಕೋ ಅಕ್ಕ" ಅಂತಲೂ ಮೊನ್ನೆಯ ಕಾಗದದಲ್ಲಿ ಬರೆದಿದ್ದೀಯ. ಮೊದಲು ನಡೆದದ್ದು ಕೇಳು.

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸಿನ ಮೊಣಕೈ ಮೇಲೊಂದು ಮಚ್ಚೆ. ಎರಡು ಸಲ ಚರ್ಮದ ಚೂರು ತೆಗೆದರು. ಎರಡು ಸಲವೂ ಲ್ಯಾಬಿನಲ್ಲಿ ನಾನೇ ಅದನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು, ಎಲ್ಲ ಚೂರಿಗೂ ಹಾಕುವ ಗುಲಾಬಿ-ನೀಲಿ ಬಣ್ಣ ಹಾಕಿದೆ. ದೊಡ್ಡ ಡಾಕ್ಟರು ನೋಡಿ ಸೋಪಿನ ಅಲರ್ಜಿ ಎಂದು ಬರೆದರು. ಅವಳು ನನ್ನ ಮೇಜಿನ ಹತ್ತಿರ ಬಂದು, "ಕುದಿಯೋ ನೀರು ಬಿದ್ರೂ ಅಲ್ಲಿ ಉರಿಯಲ್ಲ ಅಕ್ಕಾ. ಇದೆಂಥ ಅಲರ್ಜಿ?" ಅಂದಳು.

ಆ ಗಾಜನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಉರಿಯೂತ ನರದಗುಂಟವೇ ಹೋಗಿತ್ತು, ಕುಷ್ಠದಲ್ಲಿ ಹೋಗುವ ಹಾಗೆ. ಕುಷ್ಠದ ರೋಗಾಣು ಮಾಮೂಲಿ ಬಣ್ಣದಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಕೆಂಪು ಬಣ್ಣವಿದೆ, ಅರ್ಧ ದಿನದ ಕೆಲಸ. ಆದರೆ ಡಾಕ್ಟರು ಚೀಟಿಯಲ್ಲಿ ಬರೆಯದೆ ನಾವು ಹಾಕುವಂತಿಲ್ಲ. ನಾನು ಹಾಕಿದೆ. ನರದೊಳಗೆ ಕೆಂಪು ಕಡ್ಡಿಗಳು, ಕಂತೆ ಕಂತೆ.

ದೊಡ್ಡ ಡಾಕ್ಟರು ಎಲ್ಲರ ಮುಂದೆ, "ಮನೆಗೆ ಸುಣ್ಣಬಣ್ಣ ಹೊಡೆಸೋ ಉತ್ಸಾಹ ಇಲ್ಲಿ ಬೇಡಮ್ಮ. ಎಲ್ಲಕ್ಕೂ ಹಾಕ್ತಾ ಕೂತ್ರೆ ಲ್ಯಾಬ್ ನಡೆಯತ್ತಾ?" ಅಂದರು.

"ಎಲ್ಲಕ್ಕೂ ಬೇಡ ಸಾರ್. ಅನುಮಾನ ಬಂದದ್ದಕ್ಕೆ."

"ಅನುಮಾನ ಪಡೋಕೆ ನೀವ್ಯಾರು?"

"ಕೊಯ್ಯೋಳು."

ವರದಿಯನ್ನಂತೂ ತಿದ್ದಿದರು. ಅವಳಿಗೆ ಔಷಧಿ ಶುರುವಾಗಿದೆ, ಬೆರಳು ಉಳಿದವು. ನನಗೆ ಬಂದದ್ದು ನೋಟಿಸು: ಇನ್ನು ಮುಂದೆ ಹೇಳದೆ ಬಣ್ಣ ಹಾಕುವುದಿಲ್ಲವೆಂದು ಸೋಮವಾರದೊಳಗೆ ಸಹಿ ಮಾಡಬೇಕು, ಇಲ್ಲವೆ ಮನೆಗೆ ನಡೆಯಬೇಕು. ಇದೇ ಮಚ್ಚೆ ಡಾಕ್ಟರ ಹೆಂಡತಿಯ ಕೈ ಮೇಲೆ ಎದ್ದಿದ್ದರೆ ಐದು ಬಣ್ಣ ಹಾಕಿಸುತ್ತಿದ್ದರು. ಒಗೆಯುವವಳ ಚರ್ಮಕ್ಕೆ ಒಂದೇ ಸಾಕು. ಇದು ನಿಯಮವಲ್ಲ, ಸೊಕ್ಕು. ಸಹಿ ಹಾಕುವುದಿಲ್ಲ ತಮ್ಮಾ, ಮತ್ತೆ ಕೇಳಬೇಡ.

ನೀನು, ನಿನ್ನವಳು, ಮಕ್ಕಳು ತಣ್ಣಗಿರಿ. ಅದೊಂದೇ ನನ್ನ ಹಾರೈಕೆ.

ನಿನ್ನ
ಅಕ್ಕ

ಮರೆತ ಮಾತಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಐದು ವರ್ಷದ ಹಿಂದೆ ಅಪ್ಪನ ಚರ್ಮದ ಚೂರೂ ನನ್ನ ಮೇಜಿಗೇ ಬಂದಿತ್ತು. ಆಗಲೂ ಅನುಮಾನ ಬಂತು. ಚೀಟಿಯಲ್ಲಿ ಬರೆದಿರಲಿಲ್ಲ, ಬಾಯಿ ಮುಚ್ಚಿಕೊಂಡೆ. ಆ ಮೇಣದ ಅಚ್ಚು ಇನ್ನೂ ಕಪಾಟಿನಲ್ಲಿತ್ತು. ಮೊನ್ನೆ ಕೊಯ್ದು ಕೆಂಪು ಬಣ್ಣ ಹಾಕಿದೆ. ಅದರಲ್ಲೂ ಅವೇ ಕಡ್ಡಿಗಳು. ಅಪ್ಪನ ಕೈಯಿಂದ ಹೊಲಿಗೆ ಯಂತ್ರ ಬಿಡಿಸಿದ್ದು ನಾವೆಲ್ಲ ಅಂದುಕೊಂಡ ವಾತವಲ್ಲ, ನನ್ನ ಮೌನ. ರೋಗ ಔಷಧಿಗೆ ಬಗ್ಗುತ್ತದೆ, ಮುದುರಿದ ಬೆರಳು ಇನ್ನು ನೆಟ್ಟಗಾಗುವುದಿಲ್ಲ. ಭಾನುವಾರ ಬರುತ್ತೇನೆ, ಅಪ್ಪನಿಗೆ ನಾನೇ ಹೇಳಬೇಕು. ನೀನು ಇವತ್ತೇ ಮಕ್ಕಳ ಅಂಗಿ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ, ಎಲ್ಲಾದರೂ ಮಚ್ಚೆ ಎದ್ದಿದೆಯೇ ಎಂದು ಮೈಯೆಲ್ಲ ನೋಡು.