ನನ್ನ ಹೆಸರಿನಲ್ಲಾದ ಹೆರಿಗೆ

ಮನೆಯಿಂದ,
ಜುಲೈ ಒಂಬತ್ತು, ಬುಧವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕೆಮ್ಮು ಇಳಿಯಿತೆ? ಹಾಸ್ಟೆಲಿನ ನೀರು ಒಗ್ಗುತ್ತಿಲ್ಲ ಅಂದಿದ್ದೆ. ಕಾಯಿಸಿ ಕುಡಿಯುತ್ತೀಯೋ, ಸೋಮಾರಿತನಕ್ಕೆ ಹಾಗೇ ಕುಡಿಯುತ್ತೀಯೋ. ಫೋನ್ ಮಾಡಿದರೆ "ಡ್ಯೂಟೀಲಿದೀನಿ ಅಕ್ಕಾ, ಆಮೇಲೆ ಮಾಡ್ತೀನಿ" ಅನ್ನುತ್ತೀಯ. ನಿನ್ನ ಆ 'ಆಮೇಲೆ' ಎರಡು ವರ್ಷದಿಂದ ಬಂದೇ ಇಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನಾದರೆ ಮಧ್ಯದಲ್ಲಿ ಕಟ್ ಮಾಡಲಾಗುವುದಿಲ್ಲ. ನನಗೆ ಏಳು ತಿಂಗಳು ತುಂಬಿತು. ಪಾದ ಊದಿಕೊಂಡು ಚಪ್ಪಲಿ ಹಿಡಿಸುವುದಿಲ್ಲ, ನಿನ್ನ ಭಾವನದನ್ನೇ ಮೆಟ್ಟಿಕೊಂಡು ಕನ್ನಡಕದಂಗಡಿಗೆ ಹೋಗಿಬರುತ್ತೇನೆ. ಗಿರಾಕಿಯ ಕಣ್ಣಿಗೆ ಗಾಜು ಹಿಡಿದು "ಈಗ ಸರಿಯಾಗಿ ಕಾಣ್ತಿದೆಯಾ?" ಅಂದರೆ ಸಾಕು, ಹೊಟ್ಟೆಯೊಳಗಿನಿಂದ ಒದೆ ಬೀಳುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ಶುಕ್ರವಾರ ಆಸ್ಪತ್ರೆಯ ವಿಮೆ ಕೌಂಟರಿಗೆ ಹೋಗಿದ್ದೆ. ನಿನ್ನ ಭಾವನ ಪ್ರೆಸ್ಸಿನವರು ಮಾಡಿಸಿರುವ ಆರೋಗ್ಯ ವಿಮೆಯಲ್ಲಿ ನನ್ನ ಹೆಸರಿಗೂ ಒಂದು ಕಾರ್ಡು ಇದೆಯಲ್ಲ, ಹೆರಿಗೆಗೆ ಮೊದಲೇ ಮಂಜೂರಾತಿ ತೆಗೆದುಕೊಂಡರೆ ಕೊನೆ ಗಳಿಗೆಯಲ್ಲಿ ಪರದಾಡಬೇಕಿಲ್ಲ ಅಂತ. ಕೌಂಟರಿನ ಹೆಂಗಸು ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕಂಪ್ಯೂಟರ್ ನೋಡಿದಳು. ನೋಡಿ ಅಕ್ಕರೆಯಿಂದ ನಕ್ಕಳು. "ಎರಡನೇದಾ? ಮೊದಲನೇದು ನಾರ್ಮಲ್ಲೇ ಆಗಿದೆಯಲ್ಲ, ಯಾಕೆ ಹೆದರ್ತೀರಿ?" ಅಂದಳು. ನನ್ನ ಹಿಂದೆ ಸಾಲಿನಲ್ಲಿ ಆರು ಜನ. ಯಾವ ಮೊದಲನೆಯದು ಎಂದು ಅಷ್ಟು ಜನರೆದುರು ಕೇಳುವುದು ಹೇಗೆ, ತಲೆಯಾಡಿಸಿದೆ. ಪಾಲಿಸಿಯಲ್ಲಿ ಎರಡು ಹೆರಿಗೆಗೆ ಅವಕಾಶವಂತೆ, ಅದರಲ್ಲಿ ಒಂದು, ಎರಡು ವರ್ಷದ ಹಿಂದೆಯೇ ಬೇರೆ ಊರಿನ ಆಸ್ಪತ್ರೆಯಲ್ಲಿ ಮುಗಿದಿದೆಯಂತೆ. ಯಾವುದಕ್ಕೂ ಇರಲಿ ಅಂತ ಹಳೆಯ ಕಾಗದಗಳ ಪ್ರತಿ ಕೇಳಿದೆ. ಬುಧವಾರ ಬೆಳಿಗ್ಗೆ ಬನ್ನಿ ಅಂದಳು.

ಆ ಐದು ದಿನ ನಾನು ಮನುಷ್ಯಳಾಗಿರಲಿಲ್ಲ ಗುಬ್ಬಿ. ನಿನ್ನ ಭಾವನಿಗೆ ಇನ್ನೊಂದು ಸಂಸಾರವಿದೆ, ಯಾವಳನ್ನೋ ಹೆಂಡತಿ ಅಂತ ಬರೆಸಿ ನನ್ನ ಹೆಸರಿನಲ್ಲೇ ಹೆರಿಗೆ ಮಾಡಿಸಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. ಒಗೆಯುವ ಮೊದಲು ಅಂಗಿ ಮೂಸಿದೆ. ಶಾಯಿಯ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಜೇಬು ತಡಕಿದೆ, ಹಳೆಯ ಬಸ್ ಟಿಕೆಟುಗಳನ್ನು ಬೆಳಕಿಗೆ ಹಿಡಿದು ಓದಿದೆ. ಅವರು ತಡವಾಗಿ ಬಂದರೆ ಅದಕ್ಕೊಂದು ಅರ್ಥ, ಬೇಗ ಬಂದರೆ ಇನ್ನೊಂದು ಅರ್ಥ. ಪಾಪ, ಭಾನುವಾರ ತೊಟ್ಟಿಲಿಗೆ ಬಣ್ಣ ಹಚ್ಚುತ್ತಾ ಕೂತಿದ್ದರು. ಎಷ್ಟು ಪಳಗಿದ ಕೈ ಎಂದು ಅದಕ್ಕೂ ಹಲ್ಲು ಕಡಿದೆ.

ಇವತ್ತು ಬೆಳಿಗ್ಗೆ ಕಾಗದ ಕೈಗೆ ಬಂತು. ನನ್ನ ಹೆಸರು, ನನ್ನ ವಯಸ್ಸು, ನಮ್ಮ ಮನೆ ವಿಳಾಸ. ರಕ್ತದ ಗುಂಪಿನ ಸಾಲನ್ನು ಎರಡು ಸಲ ಓದಿದೆ. ಓ ನೆಗೆಟಿವ್. ನನ್ನದು ಬಿ ಪಾಸಿಟಿವ್. ನೀನು ಹತ್ತು ವರ್ಷದವಳಿದ್ದಾಗ ಸೈಕಲ್ಲಿನಿಂದ ಬಿದ್ದು ತಲೆ ಒಡೆದುಕೊಂಡ ದಿನ, ಆ ಗುಂಪಿನ ಒಂದು ಬಾಟಲಿ ರಕ್ತಕ್ಕಾಗಿ ಅಪ್ಪ ಊರೆಲ್ಲಾ ಅಲೆದದ್ದು ನನಗೆ ನೆನಪಿದೆ. ಕೆಳಗೆ ನನ್ನ ಹೆಸರಿನ ಸಹಿ, ಸಹಿಯ ಅಡಿಯಲ್ಲಿ ಎರಡು ಚುಕ್ಕಿ. ಶಾಲೆಯ ನೋಟ್‌ಬುಕ್ಕುಗಳ ತುಂಬಾ ನೀನು ಇಡುತ್ತಿದ್ದ ಅದೇ ಎರಡು ಚುಕ್ಕಿ. ತಾರೀಖು ನೋಡಿದೆ. ನಮ್ಮ ಮನೆಯಲ್ಲಿದ್ದವಳು ಆರು ತಿಂಗಳ ತರಬೇತಿ ಅಂತ ಹೋದೆಯಲ್ಲ, ಅದರ ನಾಲ್ಕನೆಯ ತಿಂಗಳು. ಹೆಣ್ಣು ಮಗು, ಎರಡು ಕಿಲೋ ಎಂಟುನೂರು ಗ್ರಾಂ, ತಾಯಿ ಮಗು ಇಬ್ಬರೂ ಆರೋಗ್ಯ ಎಂದು ಬರೆದಿತ್ತು. ಬಸ್ ಸ್ಟ್ಯಾಂಡಿಗೆ ಬಂದು ನಿನ್ನ ಚೀಲ ಹತ್ತಿಸಿ ಕೈಬೀಸಿದವಳು ನಾನು. ನೀನು ಸಡಿಲ ಬಟ್ಟೆ ಹಾಕಿಕೊಂಡಿದ್ದೆ, ದಪ್ಪಗಾಗಿದ್ದೀಯ ಅಂತ ನಾನು ತಮಾಷೆ ಕೂಡ ಮಾಡಿದ್ದೆ. ಊರವರ ಕಣ್ಣಿಗೆ ಗಾಜು ಕೂರಿಸುವವಳಿಗೆ ಕಣ್ಣೆದುರಿನ ತಂಗಿ ಕಾಣಲಿಲ್ಲ ನೋಡು.

ಕೌಂಟರಿನವಳು ಒಂದು ಫಾರಂ ಮುಂದಿಟ್ಟಳು, ಹಿಂದಿನ ಹೆರಿಗೆ ನನ್ನದೇ ಎಂದು ನಾನು ದೃಢೀಕರಿಸಬೇಕಂತೆ. ಅಲ್ಲ ಎಂದಿದ್ದರೆ ನಾಳೆಯೇ ನಿನ್ನ ಹಾಸ್ಟೆಲಿಗೆ ವಿಚಾರಣೆ ಬರುತ್ತಿತ್ತು, ನಿನ್ನ ಕೆಲಸಕ್ಕೂ ಸಂಚಕಾರ. ಹೌದು ಅಂತ ಸಹಿ ಹಾಕಿದೆ. ಸುಳ್ಳು ಬರೆದೆ ಎಂಬುದು ಗೊತ್ತು. ಆದರೆ ರಕ್ತದ ವಿಷಯದಲ್ಲಿ ಆಟವಾಡಲು ಧೈರ್ಯವಾಗಲಿಲ್ಲ, ಹೊಸದಾಗಿ ಪರೀಕ್ಷೆ ಮಾಡಿಸಿದೆ. ಡಾಕ್ಟರಮ್ಮ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನನ್ನ ಮುಖವನ್ನೇ ನೋಡಿದರು. "ಹಳೇ ಲ್ಯಾಬಿನವರು ತಪ್ಪು ಬರೆದಿರಬೇಕು, ಅಲ್ವಾ?" ಅಂದರು. ಅಲ್ವಾ ಅಂದಾಗ ಅವರ ಹುಬ್ಬು ಮೇಲೆ ಹೋಯಿತು. ಇರಬೇಕು ಮೇಡಂ ಅಂದೆ. ಕಾಗದಪತ್ರದ ಪ್ರಕಾರ ಆ ಮಗುವಿನ ತಾಯಿ ಈಗ ನಾನೇ.

ಬೈಯಲು ಬರೆಯುತ್ತಿಲ್ಲ. ಒಬ್ಬಳೇ ಆ ನೋವು ತಿಂದೆಯಲ್ಲ, ಅಕ್ಕ ಅಂತ ಒಂದು ಮಾತು ಹೇಳಬಾರದಿತ್ತೆ? ಮಗು ಎಲ್ಲಿದೆ, ಯಾರ ಮಡಿಲಲ್ಲಿದೆ, ನಿನಗೆ ತಿಳಿಸಬೇಕೆನಿಸಿದಾಗ ತಿಳಿಸು. ಗಂಡನನ್ನು ಸುಮ್ಮನೆ ಅನುಮಾನಿಸಿದ ಪಾಪಕ್ಕೆ ಮನೆಗೆ ಬಂದವಳೇ ಅವರ ಎಲ್ಲ ಅಂಗಿಗಳಿಗೂ ಇಸ್ತ್ರಿ ಹಾಕಿಟ್ಟೆ. ಹೊತ್ತುಹೊತ್ತಿಗೆ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನ ಭಾವ ಬಂದರು. ಯಾರಿಗೆ ಕಾಗದ ಅಂದರು, ಗುಬ್ಬಿಗೆ ಅಂದೆ. ಮೇಜಿನ ಮೇಲಿದ್ದ ಆಸ್ಪತ್ರೆಯ ಕವರನ್ನು ನೋಡಿದರು, ಅದನ್ನು ಬಿಚ್ಚಲೂ ಇಲ್ಲ. "ಆ ಮಗು ವಿಷಯ ಈಗ್ಯಾಕೆ ಕೆದಕ್ತೀಯ, ಬಿಡು" ಅಂದು ಕೈಕಾಲು ತೊಳೆಯಲು ಹೋದರು. ನಾನು ಅವರಿಗೆ ಈತನಕ ಒಂದಕ್ಷರವೂ ಹೇಳಿಲ್ಲ. ನಲ್ಲಿಯ ನೀರು ನಿಂತಿತು, ಬರುತ್ತಿದ್ದಾರೆ. ನನ್ನ ಆ ವಿಮೆ ಕಾರ್ಡನ್ನು ನಿನ್ನ ಕೈಗೆ ಕೊಟ್ಟದ್ದು ಯಾರು? ಉತ್ತರವನ್ನು ಅಂಗಡಿಯ ವಿಳಾಸಕ್ಕೆ ಬರೆ, ಮನೆಗೆ ಬೇಡ.