ನನ್ನ ವಿರುದ್ಧ ನಾನೇ ಓದುವ ಪ್ರಕಟಣೆ

ಮಾನ್ಯ ಬಸ್ ನಿಲ್ದಾಣಾಧಿಕಾರಿಗಳೇ,

ಕಳ್ಳಿಯ ಕೈಗೇ ಡಂಗುರ ಕೊಟ್ಟು ‘ಕಳ್ಳಿ ಬಂದಿದ್ದಾಳೆ, ಹುಷಾರು’ ಎಂದು ಸಾರಿಸಿದ ದೊರೆಯ ಕಥೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಆ ಕೊರತೆಯನ್ನು ನೀವು ನೀಗಿದ್ದೀರಿ. ನಿಮ್ಮ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳು ಬರುವುದನ್ನೂ ಹೊರಡುವುದನ್ನೂ ಹೇಳುವ ಹೆಂಗಸು ನಾನು. ಗಾಲಿಕುರ್ಚಿಯ ಚಿತ್ರವಿರುವ ಶೌಚಾಲಯವನ್ನು ಕೈಕಾಲು ನೆಟ್ಟಗಿರುವ ಹೆಂಗಸೊಬ್ಬಳು ಬಳಸುತ್ತಾಳೆಂದು ನಿಮಗೆ ದೂರು ಬಂದಿತಲ್ಲ, ಆ ಹೆಂಗಸೂ ನಾನೇ. ಅಂಥವರಿಗೆ ನಾಚಿಕೆಯಾಗಲೆಂದು ನೀವು ಬರೆಸಿದ ಪ್ರಕಟಣೆಯನ್ನು ಬರೆದವಳೂ ನಾನು, ದಿನವಿಡೀ ಓದುತ್ತಿರುವವಳೂ ನಾನು. ಫಿರ್ಯಾದಿ ಒಬ್ಬರನ್ನು ಬಿಟ್ಟರೆ ಈ ಮೊಕದ್ದಮೆಯ ಎಲ್ಲ ಪಾತ್ರಗಳನ್ನೂ ನನಗೇ ಕೊಟ್ಟು ತಾವು ಖರ್ಚು ಉಳಿಸಿದ್ದೀರಿ.

ಈ ಪತ್ರಿಕೆಯ ಓದುಗರಿಗೆ ಗೊತ್ತಾಗಲೆಂದು ಆ ಪ್ರಕಟಣೆಯನ್ನು ಇಲ್ಲಿ ಕೊಡುತ್ತೇನೆ:

‘ಕೈಕಾಲು ಗಟ್ಟಿ ಇರುವವರೇ, ನಿಂತು ಕೊಂಚ ಯೋಚಿಸಿ;
ಆ ಬಾಗಿಲು ನಿಮ್ಮದಲ್ಲ, ಅಂಗವಿಕಲರಿಗೆ ಉಳಿಸಿ.’

ಪ್ರಾಸ ಚೆನ್ನಾಗಿಯೇ ಕೂತಿದೆ. ಕನ್ನಡ ಮಾಧ್ಯಮದಲ್ಲಿ ಪದವಿ ಮಾಡಿದವಳು ನಾನು. ಛಂದಸ್ಸಿನ ಮೇಷ್ಟರು ಹಚ್ಚಿದ ಚಟ ಈ ನಲವತ್ತೈದರ ಹತ್ತಿರದಲ್ಲೂ ಬಿಟ್ಟಿಲ್ಲ. ‘ಬಸ್ಸು ನಿಂತ ಮೇಲೆ ಇಳಿಯಿರಿ, ಮನೆಗೆ ನಗುತ್ತ ತೆರಳಿರಿ’ ಎಂದು ನಾನು ಹೇಳಲು ಶುರುಮಾಡಿದಾಗ ಪ್ರಯಾಣಿಕರು ನಕ್ಕರು. ‘ಕಿಟಕಿಯಾಚೆ ಕೈ ಚಾಚದಿರಿ, ಕೈಯಿದ್ದರೆ ತಾನೇ ಟಾಟಾ ಮಾಡುವಿರಿ’ ಎಂದಾಗ ಕಂಡಕ್ಟರುಗಳು ನನಗೆ ‘ಪ್ರಾಸಕ್ಕ’ ಎಂದು ಹೆಸರಿಟ್ಟರು. ಆ ಪ್ರಾಸವೇ ಒಂದು ದಿನ ಹೀಗೆ ತಿರುಗಿ ಕಚ್ಚೀತೆಂದು ಮೇಷ್ಟರು ಹೇಳಿಕೊಟ್ಟಿರಲಿಲ್ಲ.

ಈಗ ವಿಷಯಕ್ಕೆ. ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡ ಕರುಳು ಹುಣ್ಣಾಗಿ, ಔಷಧಿಗೆ ಬಗ್ಗದೆ, ಕೊನೆಗೆ ಅದನ್ನೇ ತೆಗೆದುಹಾಕಿದರು. ಹೊಟ್ಟೆಯ ಬಲಗಡೆ ಒಂದು ಸಣ್ಣ ದ್ವಾರ ಮಾಡಿ, ಅದರ ಮೇಲೊಂದು ಚೀಲ ಅಂಟಿಸಿದರು. ಬೇರೆಯವರ ದೇಹ ಒಳಗೊಳಗೇ ನಿಭಾಯಿಸುವ ವ್ಯವಹಾರ ನನ್ನಲ್ಲಿ ಆ ಚೀಲದಲ್ಲಿ ನಡೆಯುತ್ತದೆ. ಅದು ತುಂಬಿದಾಗ ಖಾಲಿ ಮಾಡಬೇಕು, ತೊಳೆಯಬೇಕು. ಅಂಟು ಬಿಟ್ಟರೆ ಅಲ್ಲೇ ಬದಲಿಸಬೇಕು. ಯಾವಾಗ ತುಂಬಬೇಕೆಂಬುದು ಅದರ ಮರ್ಜಿ. ತಡೆದುಕೊಳ್ಳುವ ಅಧಿಕಾರವನ್ನು ಶಸ್ತ್ರವೈದ್ಯರು ಕರುಳಿನ ಜೊತೆಗೇ ತೆಗೆದುಕೊಂಡು ಹೋದರು. ಸೀರೆ ಉಟ್ಟರೆ ಏನೂ ಕಾಣಿಸುವುದಿಲ್ಲ. ನನ್ನ ದುರದೃಷ್ಟ ಇರುವುದು ಅಲ್ಲೇ.

‘ಹೆಂಗಸರ ಶೌಚಾಲಯ ಇದೆಯಲ್ಲ?’ ಎಂದು ತಾವು ಕೇಳಬಹುದು. ಇದೆ. ಪ್ಲಾಟ್‌ಫಾರಂಗಳ ಆ ತುದಿಯಲ್ಲಿದೆ. ಅದರ ಮುಂದೆ ಸಾಲಿದೆ. ಒಳಗೆ ನಿಂತು ತಿರುಗಲೂ ಜಾಗವಿಲ್ಲ. ಸಾಮಾನು ಇಟ್ಟುಕೊಳ್ಳಲು ಒಂದು ಹಲಗೆಯಿಲ್ಲ. ಕೈತೊಳೆಯುವ ಬೇಸಿನ್ನು ಹೊರಗೆ, ಎಲ್ಲರೆದುರಿಗೆ. ಬದಲಿಸುವ ಚೀಲವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೆರಗನ್ನು ಗಲ್ಲದಡಿ ಒತ್ತಿಕೊಂಡು, ಒದ್ದೆ ಕೈಯಲ್ಲಿ ಹೊಟ್ಟೆ ಒರೆಸಿಕೊಳ್ಳುವ ಸರ್ಕಸ್ಸನ್ನು ನಾನು ಮಾಡಿ ನೋಡಿದ್ದೇನೆ. ಗಾಲಿಕುರ್ಚಿಯ ಚಿತ್ರವಿರುವ ಕೋಣೆ ನನ್ನ ಮೈಕಿನ ಗಾಜುಕೋಣೆಯ ಪಕ್ಕದಲ್ಲೇ ಇದೆ. ಅದರೊಳಗೇ ನಲ್ಲಿಯಿದೆ, ಬೇಸಿನ್ನಿದೆ, ಕೊಕ್ಕೆಯಿದೆ. ಒಂದು ಬಸ್ಸಿಗೆ ಹೊರಡಲು ಹೇಳಿ, ಇನ್ನೊಂದು ಬರುವುದರೊಳಗೆ ನಾನು ಹೋಗಿ ಬರಬಹುದಾದ ಜಾಗ ಅದೊಂದೇ.

ದೂರು ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಗಾಲಿಕುರ್ಚಿಯಲ್ಲಿ ತಾಯಿಯನ್ನು ಕೂರಿಸಿಕೊಂಡು ಅವರು ಹೊರಗೆ ಕಾಯುತ್ತಿದ್ದರು. ಒಳಗೆ ನನ್ನ ಅಂಟು ಬಿಟ್ಟಿತ್ತು, ತಡವಾಯಿತು. ಬಾಗಿಲು ತೆಗೆದಾಗ ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ಅಳೆದರು.

“ಏನಮ್ಮಾ, ಒಳಗೇನು ಸಿಂಗಾರ ಮಾಡ್ಕೊತಿದ್ರಾ?”

“ಕ್ಷಮಿಸಿ ಸಾರ್, ತಡ ಆಯ್ತು.”

“ತಡ ಅಲ್ಲಮ್ಮಾ, ತಪ್ಪು. ಬೋರ್ಡು ಓದೋಕೆ ಬರಲ್ವಾ? ಓದೋದೇ ನಿಮ್ಮ ಕೆಲಸ ಅಲ್ವಾ!”

“ಬಿಡೋ ಮಗಾ, ಪಾಪ, ಅವಳಿಗೂ ಅವಸರ ಇತ್ತೇನೋ,” ಎಂದರು ಆ ತಾಯಿ.

“ನೀನು ಸುಮ್ನಿರಮ್ಮ. ಕಾಲು ಗಟ್ಟಿ ಇರೋರು ಆ ಕಡೆ ಹೋಗ್ಬೇಕು. ನೀನು ಎಲ್ಲಿಗೆ ಹೋಗ್ತೀಯಾ?”

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಅದನ್ನು ಕೇಳಬೇಕಾದ್ದು ನಮ್ಮನ್ನಲ್ಲ, ತಮ್ಮನ್ನು, ಅಷ್ಟೆ. ಆ ಅಮ್ಮ ಎಲ್ಲಿಗೆ ಹೋಗಬೇಕಿತ್ತು? ನಿಲ್ದಾಣದ ಇನ್ನೊಂದು ಬದಿಯಲ್ಲಿ ಇಂಥದೇ ಎರಡನೆಯ ಕೋಣೆಯೊಂದಿದೆಯಲ್ಲ, ಅಲ್ಲಿಗೆ. ಅಲ್ಲಿ ಈಗ ನಿರೀಕ್ಷಣಾ ಕೊಠಡಿಯ ಮುರಿದ ಕುರ್ಚಿಗಳು ವಾಸವಾಗಿವೆ. ಅವುಗಳ ಕಾಲು ಮುರಿದಿರುವುದು ಕಣ್ಣಿಗೆ ಕಾಣಿಸುತ್ತದೆ. ಹಾಗಾಗಿ ಅವುಗಳ ಅರ್ಹತೆಯನ್ನು ಇದುವರೆಗೆ ಯಾರೂ ಪ್ರಶ್ನಿಸಿಲ್ಲ.

ದೂರಿನಲ್ಲಿ ‘ಮೈಕಿನ ಹೆಂಗಸು’ ಎಂದಿರಲಿಲ್ಲ, ‘ಒಬ್ಬ ಹೆಂಗಸು’ ಎಂದಷ್ಟೇ ಇತ್ತಂತೆ. ಅವರ ದೊಡ್ಡತನ. ತಾವು ನನ್ನನ್ನು ಕರೆಸಿದಿರಿ. ಎಂಜಿನಿಯರ್ ಸಾಹೇಬರು ಇದ್ದರು, ಇಬ್ಬರು ಗುಮಾಸ್ತರಿದ್ದರು. ತಾವು ಖುಷಿಯಲ್ಲಿದ್ದಿರಿ.

“ಬನ್ನಿ ಪ್ರಾಸಕ್ಕ! ಈ ಟಾಯ್ಲೆಟ್ ವಿಷಯಕ್ಕೆ ಒಂದೆರಡು ಸಾಲು ಹಾಕಿ. ನೋಟೀಸು ಅಂಟಿಸಿದ್ರೆ ಯಾರೂ ನೋಡಲ್ಲ. ನೀವು ಹೇಳಿದ್ರೆ ಜನ ಕೇಳ್ತಾರೆ.”

ನಾನು ಬಾಯಿ ಬಿಡಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಬಿಟ್ಟೆ.

“ಸಾರ್, ಆ ರೂಮು ನಾನೂ ಬಳಸ್ತೀನಿ. ನಂಗೊಂದು ಆಪರೇಷನ್ ಆಗಿದೆ.”

“ಎಂಥ ಆಪರೇಷನ್?”

“ಹೊಟ್ಟೇದು ಸಾರ್.”

“ಓ, ಹೊಟ್ಟೇದಾ! ನಮ್ಮನೆಯವರಿಗೂ ಪಿತ್ತಕೋಶ ತೆಗೆದ್ರು. ಈಗ ಜಿಂಕೆ ಥರ ಓಡಾಡ್ತಾರೆ. ನೀವೂ ಚೆನ್ನಾಗೇ ಇದ್ದೀರಲ್ಲ, ನೋಡೋಕೆ ಆರೋಗ್ಯವಾಗೇ ಕಾಣ್ತೀರಿ.”

ನಾಲ್ವರು ಗಂಡಸರೆದುರು ‘ಚೀಲ’ ಎಂಬ ಶಬ್ದ ನನ್ನ ಗಂಟಲಿನವರೆಗೆ ಬಂದು ನಿಂತಿತು. ಸಾವಿರಾರು ಜನರ ಮುಂದೆ ದಿನವೂ ಮಾತಾಡುವವಳಿಗೆ ನಾಲ್ವರ ಮುಂದೆ ಒಂದು ಶಬ್ದ ಹೊರಡಲಿಲ್ಲ. ಮಾನ್ಯರೇ, ತಾವೇ ಹೇಳಿ: ಆರೋಗ್ಯವಾಗಿ ಕಾಣುವುದು ಹೊಗಳಿಕೆಯೋ, ಆರೋಪವೋ? ಸೆರಗು ಸರಿಸಿ ತೋರಿಸಿದ್ದರೆ ನಂಬುತ್ತಿದ್ದಿರೇ? ಹಾಗಿದ್ದರೆ ಪ್ರತಿ ಸಲವೂ ಬಾಗಿಲಲ್ಲಿ ಯಾರ್ಯಾರಿಗೆ ತೋರಿಸುತ್ತ ಹೋಗಬೇಕು? ಬಾಳೆಹಣ್ಣಿನ ಗಾಡಿಯವನಿಗೂ ತೋರಿಸಬೇಕೋ, ಅವನಿಗೆ ವಿನಾಯಿತಿ ಉಂಟೋ? ನಾನು ಮರಳಿ ಬಂದು ಎರಡು ಸಾಲು ಬರೆದೆ. ತಾವು ಸಹಿ ಹಾಕಿದಿರಿ. ಸಹಿಯಿಲ್ಲದ ಒಂದಕ್ಷರವನ್ನೂ ಮೈಕಿನಲ್ಲಿ ಆಡಬಾರದೆಂಬುದು, ಸಹಿ ಬಿದ್ದದ್ದನ್ನು ಆಡದಿರಬಾರದೆಂಬುದು ನಮ್ಮ ಕೋಣೆಯ ಕಾನೂನು.

ತಾವು ಹೇಳಿದ್ದು ನಿಜವಾಯಿತು, ಜನ ಕೇಳಿದರು. ಅದುವರೆಗೆ ತಮ್ಮ ಬಸ್ಸು ತಾವು ನೋಡಿಕೊಳ್ಳುತ್ತಿದ್ದವರೆಲ್ಲ ಆ ಬಾಗಿಲಿನ ಕಾವಲಿಗೆ ನಿಂತರು. ಒಳಗಿದ್ದಾಗ ಬಾಗಿಲು ಬಡಿಯುತ್ತಾರೆ. ಹೊರಗೆ ಬಂದರೆ ಮೊದಲು ಕಾಲು ನೋಡುತ್ತಾರೆ, ಆಮೇಲೆ ಮುಖ. ‘ನೀತಿ ಹೇಳೋಳು ನೀನೇ, ನೀರು ಚೆಲ್ಲೋಳೂ ನೀನೇ’ ಎಂದು ಒಬ್ಬರು ಪ್ರಾಸದಲ್ಲೇ ಬೈದರು. ಬೈಗುಳದ ಲಯ ಚೆನ್ನಾಗಿತ್ತು, ಒಪ್ಪಿಕೊಳ್ಳಬೇಕು. ನಿಲ್ದಾಣದ ಸೆಕ್ಯುರಿಟಿಯವರು ಒಳ್ಳೆಯವರು. ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ನಂಗೆ ನೀವ್ಯಾಕೆ ಹೋಗ್ತೀರಿ ಅಂತ ಬೇಡ. ಏನೋ ಇರುತ್ತೆ. ಆದ್ರೆ ಜನ ನನ್ನ ಕೇಳ್ತಾರೆ. ಒಂಚೂರು ಕುಂಟಿಬಿಡಿ, ಸಾಕು.”

“ಯಾವ ಕಾಲು?”

“ಯಾವ್ದಾದ್ರೂ. ನಿಮ್ಮಿಷ್ಟ.”

ನಗಬೇಡಿ, ನಾನು ಕುಂಟಿದೆ. ಕುಂಟಿದ ದಿನ ಯಾರೂ ಬಾಗಿಲು ಬಡಿಯಲಿಲ್ಲ. ಒಬ್ಬರು ‘ನಿಧಾನ ತಾಯೀ’ ಎಂದು ಬಾಗಿಲು ಹಿಡಿದುಕೊಂಡರು. ನಿಜವಾದ ಕಾಯಿಲೆಗೆ ಸಿಗದ ಮರ್ಯಾದೆ ಸುಳ್ಳು ಕುಂಟಿಗೆ ಸಿಕ್ಕಿತು. ಆದರೆ ನನಗೆ ಅಭಿನಯ ಬಾರದು. ಮನೆಯಲ್ಲೂ ಅಭ್ಯಾಸ ಮಾಡುವುದನ್ನು ನೋಡಿ ಮಗಳು, “ಅಮ್ಮಾ, ನಿನ್ನೆ ಎಡಗಾಲು ಕುಂಟ್ತಿದ್ದೆ, ಇವತ್ತು ಬಲಗಾಲು ಕುಂಟ್ತಿದ್ದೀಯ. ಒಂದನ್ನ ಫಿಕ್ಸ್ ಮಾಡ್ಕೋ,” ಎಂದಳು. ಅವಳು ನಕ್ಕಳು, ನಾನೂ ನಕ್ಕೆ. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಈಚೆ ಬರಲಿಲ್ಲ. ಅಂದಿನಿಂದ ಕುಂಟುವುದನ್ನು ಬಿಟ್ಟೆ.

ಪತ್ರಿಕೆಗೆ ಬರೆಯುತ್ತೇನೆಂದಾಗ ನಮ್ಮತ್ತೆ ಗಾಬರಿಯಾದರು. “ಬೇಡ ಕಣಮ್ಮ. ಹೊಟ್ಟೆಯೊಳಗಿನ ಮಾತು ಹೊಟ್ಟೆಯೊಳಗೇ ಇರಲಿ.” “ಅತ್ತೆ, ಹೊಟ್ಟೆಯೊಳಗಿರಬೇಕಾದ್ದು ಹೊರಗೆ ಬಂದಿರೋದೇ ಅಲ್ವಾ ತೊಂದರೆ?” ಎಂದೆ. ನಮ್ಮನೆಯವರು ಮಾತ್ರ ಬಾಟಲಿಯಲ್ಲಿ ನೀರು ತುಂಬಿ ನನ್ನ ಬ್ಯಾಗಿಗೆ ಹಾಕಿದರು. ಯಾಕೆಂದರೆ ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ. ಬೆಳಗ್ಗೆ ಏನೂ ತಿನ್ನದೆ ಬರುತ್ತೇನೆ. ಒಳಕ್ಕೆ ಹೋಗದಿದ್ದರೆ ಹೊರಕ್ಕೂ ಬಾರದು ಎಂಬ ಸರಳ ಗಣಿತ. ದೊಡ್ಡ ಕರುಳಿಲ್ಲದವರ ಮೈಯಲ್ಲಿ ನೀರು ನಿಲ್ಲುವುದಿಲ್ಲ, ಎಲ್ಲರಿಗಿಂತ ಹೆಚ್ಚು ಕುಡಿಯಬೇಕು ಎಂದು ವೈದ್ಯರು ಬೈಯುತ್ತಾರೆ. ವೈದ್ಯರ ಮಾತು ಕೇಳಿದರೆ ಬಾಗಿಲ ಹೊರಗಿನವರು ಬೈಯುತ್ತಾರೆ. ಒಣಗಿದ ಗಂಟಲಿನಲ್ಲಿ ನಾನು ‘ಆ ಬಾಗಿಲು ನಿಮ್ಮದಲ್ಲ’ ಎಂದು ಓದುತ್ತೇನೆ.

ಇಷ್ಟನ್ನೂ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ. ಈ ಪತ್ರ ಬರೆಸಿದ್ದು ಬೇರೊಬ್ಬಳು.

ಕಳೆದ ವಾರ ಮಧ್ಯಾಹ್ನ ಗಾಜಿನಾಚೆ ಒಬ್ಬ ಹುಡುಗಿ ಕಂಡಳು. ಕಾಲೇಜಿನ ವಯಸ್ಸು, ಸಡಿಲವಾದ ಅಂಗಿ, ಹೆಗಲಿಗೆ ಬ್ಯಾಗು. ನೆಟ್ಟಗೆ ಆ ಬಾಗಿಲಿನ ಕಡೆ ನಡೆಯುತ್ತಿದ್ದಳು. ಬಲಗೈ ಅಂಗಿಯ ಮೇಲೆ, ಹೊಟ್ಟೆಯ ಬಲಗಡೆ, ಒತ್ತಿಯೂ ಒತ್ತದ ಹಾಗೆ ಇತ್ತು. ಹೊಟ್ಟೆನೋವಿನವರು ಹಾಗೆ ಹಿಡಿಯುವುದಿಲ್ಲ. ತುಂಬಿದ ಚೀಲದ ಭಾರವನ್ನು ಕೆಳಗಿನಿಂದ ಆನಿಸಿಕೊಳ್ಳುವವರು ಹಾಗೆ ಹಿಡಿಯುತ್ತಾರೆ. ನಾನು ಹಾಗೆ ಹಿಡಿಯುತ್ತೇನೆ. ಇಷ್ಟು ವರ್ಷಗಳಲ್ಲಿ ನನ್ನಂಥ ಇನ್ನೊಬ್ಬಳನ್ನು ನಾನು ಆಸ್ಪತ್ರೆಯ ಹೊರಗೆ ಕಂಡದ್ದು ಅದೇ ಮೊದಲು.

ಆಗ ನನ್ನ ಬಾಯಲ್ಲಿ ನಡೆಯುತ್ತಿದ್ದದ್ದು ಆ ಎರಡು ಸಾಲು. ಮೊದಲ ಸಾಲು ಮುಗಿದಿತ್ತು. ‘ಯೋಚಿಸಿ’ ಎನ್ನುವ ಹೊತ್ತಿಗೆ ಅವಳ ನಡಿಗೆ ನಿಧಾನವಾಯಿತು. ನಿಲ್ಲಿಸಬಹುದಿತ್ತೇ? ಅಭ್ಯಾಸಬಲದ ನಾಲಿಗೆ ಎರಡನೆಯ ಸಾಲನ್ನೂ ಮುಗಿಸಿತು. ಬಾಗಿಲ ಪಕ್ಕ ನಿಂತಿದ್ದ ಒಬ್ಬರು ಅವಳ ಕಾಲು ನೋಡಿದರು. ಅವಳು ಬಾಗಿಲಿಗೆ ಚಾಚಿದ್ದ ಕೈಯನ್ನು ಹಿಂದೆಗೆದು, ತನಗೆ ಇಲ್ಲೇನೂ ಕೆಲಸವಿಲ್ಲವೆಂಬಂತೆ ಬೋರ್ಡನ್ನು ಓದುವ ನಟನೆ ಮಾಡಿ, ತಿರುಗಿ ಹೊರಟಳು. ಹತ್ತಿದ್ದು ದೂರದ ಊರಿನ ಬಸ್ಸು. ದಾರಿಯಲ್ಲಿ ಎಲ್ಲೂ ನಿಲ್ಲದ್ದು. ಹಾಗೆಂದು ದಿನಾ ಹೇಳುವವಳು ನಾನೇ.

ಮಾನ್ಯರೇ, ನನ್ನ ಕೈಯಲ್ಲಿ ಮೈಕಿತ್ತು. ಕಳೆದುಹೋದ ಮಕ್ಕಳನ್ನು, ಬಿಟ್ಟುಹೋದ ಕೊಡೆಗಳನ್ನು, ಯಾರೋ ಮರೆತ ಹಲ್ಲಿನ ಸೆಟ್ಟನ್ನೂ ಕೂಗಿ ಒಡೆಯರಿಗೆ ತಲುಪಿಸಿದ ಮೈಕು. ನಿಲ್ದಾಣದ ಮೂಲೆಮೂಲೆಗೂ ಕೇಳುವ ಅದರಲ್ಲಿ, ‘ಮಗೂ, ಹೋಗಬೇಡ, ಆ ಕೋಣೆ ನಿನ್ನದೂ ಹೌದು’ ಎಂದು ಹೇಳಲು ನನಗೆ ಸಹಿಯಿರಲಿಲ್ಲ. ನಾನು ಹೇಳಿದ್ದು ಆ ಬಸ್ಸು ಹೊರಡುತ್ತಿದೆ ಎಂದು. ಎದ್ದು ಓಡಿದ್ದರೆ ಸಿಗುತ್ತಿದ್ದಳೋ ಏನೋ. ಓಡಲಿಲ್ಲ. ಆ ಹೊತ್ತಿಗೆ ನನ್ನ ಚೀಲವೂ ತುಂಬಿತ್ತು, ಹೊರಗೆ ಕಾಲು ನೋಡುವವರು ನಿಂತಿದ್ದರು. ಎಷ್ಟು ದೂರ ಹೋಗುವಷ್ಟರಲ್ಲಿ ಅವಳ ಅಂಟು ಬಿಟ್ಟಿತೋ, ಪಕ್ಕದ ಸೀಟಿನವರು ಏನೆಂದರೋ, ನನಗೆ ತಿಳಿಯದು. ಅದನ್ನು ತಿಳಿಸುವ ಮೈಕು ಎಲ್ಲೂ ಇಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಮುರಿದ ಕುರ್ಚಿಗಳನ್ನು ಬೇರೆಡೆ ಸಾಗಿಸಿ ಎರಡನೆಯ ಕೋಣೆಯನ್ನು ತೆರೆಯಿರಿ. ದೂರು ಕೊಟ್ಟವರ ತಾಯಿ ಇನ್ನೊಮ್ಮೆ ಕಾಯುವಂತಾಗದಿರಲಿ. ಆ ದ್ವಿಪದಿಯನ್ನು ಹಿಂತೆಗೆದುಕೊಳ್ಳಿ. ಅದರ ಜಾಗದಲ್ಲಿ ಒಂದೇ ಒಂದು ಸಾಲಿಗೆ ಸಹಿ ಹಾಕಿ ಕೊಡಿ: ‘ಆ ಕೋಣೆ ಬೇಕಾದವರು ಹೋಗಿ, ಯಾರೂ ಏನೂ ಕೇಳುವುದಿಲ್ಲ.’ ಇದರಲ್ಲಿ ಪ್ರಾಸವಿಲ್ಲ. ಹುಡುಕಿದರೆ ಸಿಕ್ಕೀತು, ನಾನೇ ಹುಡುಕಲಿಲ್ಲ. ಆ ಹುಡುಗಿ ಎಂದು ಮರಳಿ ಬರುತ್ತಾಳೋ, ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಆದ್ದರಿಂದ ದಿನವೂ ಹೇಳಬೇಕಾಗುತ್ತದೆ.

ಅಲ್ಲಿಯವರೆಗೆ ಏನು ಮಾಡುತ್ತೀರಿ ಎಂದು ತಾವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಈ ಪತ್ರ ಅಚ್ಚಾದ ಬೆಳಗ್ಗೆ ತಾವು ಇದನ್ನು ಓದುತ್ತಿರುವಾಗ ಕಿಟಕಿ ತೆರೆದಿಟ್ಟುಕೊಳ್ಳಿ. ಮೊದಲ ಬಸ್ಸು ಹೊರಟ ಮೇಲೆ ಆ ಎರಡು ಸಾಲು ಕೇಳಿಸುತ್ತವೆ. ಸಹಿ ಬಿದ್ದದ್ದನ್ನು ಆಡದಿರುವ ಧೈರ್ಯ ನನಗಿನ್ನೂ ಬಂದಿಲ್ಲ. ಧ್ವನಿ ನಡುಗಿದರೆ ಮೈಕಿನ ದೋಷವೆಂದು ತಿಳಿದು ರಿಪೇರಿಯವರನ್ನು ಕಳಿಸಬೇಡಿ.

‘ತಮ್ಮ ವಿಶ್ವಾಸಿ’ ಎಂದು ಬರೆಯಲು ಕೈ ಬರುತ್ತಿಲ್ಲ. ಆದ್ದರಿಂದ,

ಇಂತಿ,
ತಾವು ದಿನವೂ ಕೇಳುವ, ಒಮ್ಮೆಯೂ ಕೇಳಿಸಿಕೊಳ್ಳದ,
ನೋಡಲು ಆರೋಗ್ಯವಾಗಿರುವ
ಪ್ರಾಸಕ್ಕ