ಲೆಂಪಿ ಕಿತ್ತುಕೊಳ್ಳದ ಎರಡು ಅಂಕ

ಮಾರ್ಚ್ ೧೧, ಮಂಗಳವಾರ. ಡುಲೂತ್.

ತಂಗಿ ಲೆಂಪಿ ಇವತ್ತು ನನ್ನ ಎರಡು ಅಂಕ ಕಿತ್ತುಕೊಳ್ಳಲಿಲ್ಲ. ಅದೇ ಕೊರೀತಿದೆ.

ಕೈಲಿರೋ ಇಸ್ಪೀಟ್ ಎಲೆಗಳ ಅಂಕ ಎಣಿಸುವಾಗ ನಾನು ಬಿಟ್ಟಿದ್ದು ಎದುರಿಗಿರೋಳ ಪಾಲು. ಅದು ಕ್ರಿಬೇಜ್ ಆಟದ ನಿಯಮ, ನನ್ನ ತಂಗಿಯ ಧರ್ಮ. ಅಮ್ಮನನ್ನು ಮಣ್ಣು ಮಾಡಿ ಬಂದ ಸಂಜೆ ಕೂಡ ಕಿಸಕ್ಕನೆ ನಕ್ಕು ಮೂರು ಅಂಕ ಹೊಡೆದಿದ್ದಳು.

ಇವತ್ತು ಎಲೆ ಕಲಸುವಾಗ ನನಗೇ ಹೊಳೀತು.

"ಎರಡು ಬಿಟ್ಟೆ ನಾನು. ಯಾಕೇ ಸುಮ್ನಿದ್ದೆ?"

"ನೋಡ್ಲಿಲ್ಲ ಕಣಕ್ಕ."

"ಸುಳ್ಳಿ! ನಿನ್ನ ಕಣ್ಣು ಅಲ್ಲೇ ಇತ್ತು."

ಕಾಫಿ ಲೋಟ ತಿರುಗಿಸ್ತಾ ಕೂತಳು. "ಡಾಕ್ಟರ್ ಹಂಗಂದ್ಮೇಲೆ ಹೆಂಗೆ ತಗೊಳ್ಳಲಿ?"

ಡಾಕ್ಟರ್ ಅಂದಿದ್ದಿಷ್ಟು. ನನ್ನ ಹಾಗೆ ಕಾಲಿನ ರಕ್ತನಾಳ ಕಟ್ಟಿಕೊಂಡ ಕೆಲವರಿಗೆ ತಲೆಗೆ ಹೋಗೋ ನಾಳಗಳೂ ಕಿರಿದಾಗಿರ್ತವೆ, ಲೆಕ್ಕ, ನೆನಪು ನಿಧಾನ ಆಗಬಹುದು. ಸಿಗರೇಟ್ ಬಿಡಿ, ಮಾತ್ರೆ ನುಂಗಿ, ನಡೀರಿ. ನೋವು ಬಂದರೆ ನಿಂತು, ಇಳಿದ ಮೇಲೆ ಮತ್ತೆ ನಡೀರಿ. ತಂಗಿ ಕೈಲಿ ಅಯ್ಯೋ ಪಾಪ ಅನ್ನಿಸಿಕೊಳ್ಳಿ ಅಂತ ಹೇಳಲಿಲ್ಲ.

ಸಿಗರೇಟ್ ಪ್ಯಾಕೆಟ್ಟು ಸೌನಾ ಹಬೆಕೋಣೆಯ ಒಲೆಗೆ ಹೋಯ್ತು. ಕೈ ಈಗಲೂ ಜೇಬು ತಡಕುತ್ತೆ. ತಡಕಲಿ.

ಲೆಂಪಿ ಮನೆಗೆ ರಸ್ತೆಬದಿಯ ಆರು ಮನೆಗಳ ಅಂಚೆಡಬ್ಬಿ ದಾಟಬೇಕು. ಮೂರನೆಯದರ ಹತ್ತಿರ ಮೀನಖಂಡ ಹಿಡ್ಕೊಳ್ಳುತ್ತೆ. ನಾಳೆ ಕಾರು ಮುಟ್ಟಲ್ಲ. ಹೋಗಿ ಕೂತು ಒಂದೊಂದು ಎಲೆಯನ್ನೂ ಎರಡೆರಡು ಸಲ ಎಣಿಸ್ತೀನಿ. ತಪ್ಪಿದರೆ ಅವಳು ನಕ್ಕು ಕಿತ್ಕೊಳ್ಳಲಿ. ಬಿಟ್ಟುಕೊಟ್ಟಳೋ, ಎಲೆಗಳನ್ನ ಅವಳ ಮುಖಕ್ಕೆ ಎಸೆದು ನಡೆದೇ ವಾಪಸ್ ಬರ್ತೀನಿ.

ಮೂರನೇ ಡಬ್ಬಿ ಹತ್ತಿರ ಒಂಚೂರು ನಿಲ್ತೀನಿ, ಅಷ್ಟೇ.